ಗುದ್ದಿದ ತಕ್ಷಣ ರೋಬೋ ಯಾಕೆ ಸತ್ತಂಗೆ ನಿಲ್ಲುತ್ತೆ? ಮತ್ತೆ ಇನ್ನೆರಡು ಪ್ರಶ್ನೆ

ಪ್ರಶ್ನೆ: ನಮಸ್ತೆ ಸರ್. ನಾವು ದಾವಣಗೆರೆಯಲ್ಲಿ ಎಂಜಿನಿಯರಿಂಗ್ 3ನೇ ವರ್ಷ ಓದೋ ಆರು ಜನ ಸೇರಿ ಒಂದು ರೋಬೋ ಮಾಡಿದೀವಿ. ಸುಮಾರು 28 ಕೆಜಿ ತೂಕ, 12 ವೋಲ್ಟ್ ಬ್ಯಾಟರಿ, ಮೇಲೆ ಒಂದು ಚಿಕ್ಕ ವೈಫೈ ರೂಟರ್ ಇಟ್ಟು ಲ್ಯಾಪ್‌ಟಾಪಿಂದ ಓಡಿಸ್ತೀವಿ. ಲ್ಯಾಬಲ್ಲಿ ಒಂದು ದಿನಾನೂ ತೊಂದ್ರೆ ಕೊಟ್ಟಿಲ್ಲ. ಹೋದ ತಿಂಗಳು ಬೇರೆ ಊರಿನ ಕಾಂಪಿಟಿಷನ್ನಲ್ಲಿ ಎದುರಿನ ರೋಬೋ ಬಂದು ಗುದ್ದಿದ ತಕ್ಷಣ ನಮ್ಮದು ಸತ್ತಂಗೆ ನಿಂತುಬಿಡ್ತು, ಸುಮಾರು ಒಂದು ನಿಮಿಷ ಆದ್ಮೇಲೆ ತಾನಾಗೇ ಎದ್ದಿತು, ಅಷ್ಟೊತ್ತಿಗೆ ಮ್ಯಾಚ್ ಹೋಗಿತ್ತು. ರೂಟರ್ ಕಿತ್ತು ಬಿದ್ದಿರಲಿಲ್ಲ, ಡಬಲ್ ಟೇಪ್ ಹಾಕಿ ಮೇಲೆ ನಾಲ್ಕು ಕೇಬಲ್ ಟೈ ಬಿಗಿದಿದ್ವಿ. ಇನ್ನೂ ಗಟ್ಟಿಯಾಗಿ ಕಟ್ಟೋದು ಹೆಂಗೆ? ಅಮೆರಿಕಾದ ಎಫ್‌ಆರ್‌ಸಿ ಸ್ಪರ್ಧೆಯ ರೋಬೋಗಳಲ್ಲಿ ರೇಡಿಯೋನ (ಅಂದ್ರೆ ವೈಫೈ ಡಬ್ಬೀನ) ಹೆಂಗೆ ಕೂರಿಸ್ತಾರೆ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ತಂಗಿ, ಸುಮಾರು ಒಂದು ನಿಮಿಷ ಆದ್ಮೇಲೆ ತಾನಾಗೇ ಎದ್ದಿತು ಅಂತ ಬರೆದಿದೀರಲ್ಲ, ಅದರಲ್ಲೇ ಉತ್ತರ ಇದೆ. ರೂಟರ್ ಅನ್ನೋದು ಒಂದು ಸಣ್ಣ ಕಂಪ್ಯೂಟರ್. ಅದಕ್ಕೆ ಹೋಗೋ ಕರೆಂಟ್ ಕಣ್ಣು ಮಿಟುಕಿಸೋ ಅಷ್ಟು ಹೊತ್ತು ತಪ್ಪಿದ್ರೂ ಅದು ಮೊದಲಿಂದ ಬೂಟ್ ಆಗ್ಬೇಕು, ವೈಫೈ ಏಳಬೇಕು, ಲ್ಯಾಪ್‌ಟಾಪ್ ಮತ್ತೆ ಹುಡುಕಿ ಸೇರಬೇಕು, ಇಷ್ಟಕ್ಕೆ ಅರ್ಧ ನಿಮಿಷದಿಂದ ಒಂದು ನಿಮಿಷ ಹೋಗೇ ಹೋಗುತ್ತೆ. ಅಂದ್ರೆ ನಿಮ್ಮ ರೂಟರ್ ಅಲ್ಲಾಡಿದ್ದಲ್ಲ, ಅದಕ್ಕೆ ಕರೆಂಟ್ ತಪ್ಪಿದೆ. ಇನ್ನೂ ಹತ್ತು ಕೇಬಲ್ ಟೈ ಬಿಗಿದ್ರೂ ಇದು ಮತ್ತೆ ಆಗುತ್ತೆ, ಯಾಕಂದ್ರೆ ನೀವು ಬಿಗಿದಿರೋದು ಬಾಕ್ಸನ್ನ, ವೈರನ್ನಲ್ಲ.

ಈಗ ರೂಟರ್ ಹಿಂದಿನ ಪವರ್ ಪಿನ್ ನೋಡಿ. ದುಂಡಗಿನ ಪಿನ್ನು, ಒತ್ತಿದ್ರೆ ಒಳಗೆ ಹೋಗುತ್ತೆ, ಎಳೆದ್ರೆ ಬರುತ್ತೆ, ಲಾಕ್ ಅನ್ನೋದೇ ಇಲ್ಲ. ಅದನ್ನ ಮಾಡಿರೋದು ಮನೇಲಿ ಟಿವಿ ಪಕ್ಕ ಸುಮ್ನೆ ಕೂರೋ ಡಬ್ಬಿಗೆ, 28 ಕೆಜಿ ರೋಬೋ ಮೇಲೆ ಕೂತು ಗುದ್ದಿಸಿಕೊಳ್ಳೋಕಲ್ಲ. ಇದರಲ್ಲಿ ಇನ್ನೊಂದು ಮೋಸ ಇದೆ. ಹೊರಗಿನ ಅಳತೆ 5.5 ಮಿ.ಮೀ. ಇರೋ ಪಿನ್ನಲ್ಲೇ ಒಳಗಿನ ತೂತು ಎರಡು ಥರ ಬರುತ್ತೆ, 2.1 ಮಿ.ಮೀ. ಒಂದು, 2.5 ಮಿ.ಮೀ. ಇನ್ನೊಂದು. ರೂಟರ್ ಒಳಗಿನ ಕಡ್ಡಿ 2.1 ಇದ್ದು ನೀವು ತಂದ ಪಿನ್ 2.5 ಆಗಿದ್ರೆ ಅದು ಒಳಗೂ ಹೋಗುತ್ತೆ, ಲೈಟೂ ಹತ್ತುತ್ತೆ, ಎಲ್ಲಾ ಸರಿ ಇದೆ ಅನ್ಸುತ್ತೆ, ಆದ್ರೆ ಕಡ್ಡಿಗೆ ಒಂದು ಕಡೆ ಮಾತ್ರ ತಾಗಿಕೊಂಡಿರುತ್ತೆ. ಒಂದು ಸಣ್ಣ ಏಟು ಸಾಕು. ಅಂಗಡಿಗೆ ಹೋದಾಗ ರೂಟರ್ ಜೊತೆ ಬಂದ ಒರಿಜಿನಲ್ ಅಡಾಪ್ಟರನ್ನ ಕೈಯಲ್ಲಿ ಹಿಡಿದು ಹೋಗಿ, ಅದೇ ಅಳತೆ ಪಿನ್ ಕೇಳಿ ತಗೊಳ್ಳಿ.

ನಾನು ಐಟಿಐ ಮುಗಿಸಿದ ಮೇಲೆ ದಾವಣಗೆರೆಯಲ್ಲಿ ಒಬ್ಬ ಬಸ್ ಎಲೆಕ್ಟ್ರಿಷಿಯನ್ ಹತ್ರ ಎರಡು ವರ್ಷ ಕೆಲಸ ಮಾಡ್ದೆ. ಜಗಳೂರು, ಹರಪನಹಳ್ಳಿ ಕಡೆ ಓಡೋ ಪ್ರೈವೇಟ್ ಬಸ್ಸುಗಳು ಬರ್ತಿದ್ವು, ಆಗಿನ ರಸ್ತೆಗೆ ಹಿಂದಿನ ಲೈಟು ವಾರಕ್ಕೊಂದು ಸಲ ಆಫ್. ಬೇರೆ ಕಡೆ ಬಲ್ಬ್ ಬದಲಾಯಿಸಿ ಕಳಿಸೋರು. ನಮ್ಮ ಮೇಸ್ತ್ರಿ ಬಲ್ಬ್ ಮುಟ್ಟೋಕೆ ಮುಂಚೆ ವೈರ್ ಹಿಡಿಯೋರು. ಹೋಲ್ಡರಿಂದ ಎರಡು ಇಂಚು ಹಿಂದೆ, ಲೈಟ್ ಕೂತಿರೋ ಅದೇ ತಗಡಿಗೆ ವೈರನ್ನ ಕ್ಲಿಪ್ ಹಾಕಿ ಹಿಡಿಸೋರು, ಅಲ್ಲಿಂದ ಆಚೆಗೆ ವೈರನ್ನ ತಮ್ಮ ತೋರುಬೆರಳಿಗೆ ಮೂರು ಸುತ್ತು ಸುತ್ತಿ ಸ್ಪ್ರಿಂಗ್ ಥರ ಮಾಡಿ ಬಿಡೋರು. ಬಾಡಿ ಎಷ್ಟೇ ಕುಣಿದ್ರೂ ಆ ಸುತ್ತು ಹಿಗ್ಗಿ ಕುಗ್ಗುತ್ತೆ, ಹೋಲ್ಡರ್ ತನಕ ಎಳೆತ ಬರೋದೇ ಇಲ್ಲ. ಅವರು ಮಾಡಿ ಕಳಿಸಿದ ಬಸ್ಸು ಅದೇ ಕಂಪ್ಲೇಂಟಿಗೆ ವಾಪಸ್ ಬಂದಿದ್ದು ನಾನು ನೋಡಿಲ್ಲ.

ನಿಮ್ಮ ರೋಬೋಗೂ ಇದನ್ನೇ ಮಾಡಿ. ರೂಟರನ್ನ ನೇರವಾಗಿ ಚಾಸಿಗೆ, ಅಂದ್ರೆ ರೋಬೋದ ಚೌಕಟ್ಟಿಗೆ, ಕಟ್ಟಬೇಡಿ. 3 ಮಿ.ಮೀ. ಪಾಲಿಕಾರ್ಬೊನೇಟ್ (ಸುಲಭಕ್ಕೆ ಒಡೆಯದ ಗಟ್ಟಿ ಪ್ಲಾಸ್ಟಿಕ್) ಹಾಳೇಲಿ ರೂಟರ್‌ಗಿಂತ ಮೂರು ಬೆರಳು ಉದ್ದ ಇರೋ ಒಂದು ತಟ್ಟೆ ಕತ್ತರಿಸಿ (ಅಕ್ರಿಲಿಕ್ ಬೇಡ, ಡ್ರಿಲ್ ಹಾಕುವಾಗಲೇ ಬಿರುಕು ಬಿಡುತ್ತೆ, ಉಳಿದಿದ್ದು ಮೊದಲ ಗುದ್ದಿಗೆ ಹೋಗುತ್ತೆ). ರೂಟರ್ ಆ ತಟ್ಟೆ ಮೇಲೆ ಕೂರಲಿ, ಮತ್ತೆ ಆ ಹೆಚ್ಚಿನ ಮೂರು ಬೆರಳು ಜಾಗದಲ್ಲಿ ಪವರ್ ವೈರು ಮತ್ತೆ ಲ್ಯಾನ್ ಕೇಬಲ್ ಎರಡನ್ನೂ ಅದೇ ತಟ್ಟೆಗೆ ಕೇಬಲ್ ಟೈ ಹಾಕಿ ಬಿಗೀರಿ. ಈಗ ಏಟು ಬಿದ್ರೆ ರೂಟರೂ ವೈರೂ ಒಟ್ಟಿಗೆ ಅಲ್ಲಾಡ್ತವೆ, ಒಂದಕ್ಕೊಂದು ಎಳೆಯಲ್ಲ. ಅಲ್ಲಾಡೋದನ್ನ ಪೂರ್ತಿ ನಿಲ್ಲಿಸೋಕೆ ನಿಮ್ಮ ಕೈಲೂ ಆಗಲ್ಲ ನನ್ನ ಕೈಲೂ ಆಗಲ್ಲ, ಒಟ್ಟಿಗೆ ಅಲ್ಲಾಡೋ ಹಂಗೆ ಮಾಡಬಹುದು. ಟೈ ದಾಟಿದ ಮೇಲೆ ವೈರಿಗೆ ಒಂದು ಸಡಿಲ ಸುತ್ತು ಬಿಡಿ. ತಟ್ಟೇನ ಚಾಸಿಗೆ ಹಾಕುವಾಗ ನಾಲ್ಕು ಮೂಲೇಲಿ ರಬ್ಬರ್ ಬುಷ್ ಇಟ್ಟು ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರೋ ನಟ್) ಹಾಕಿ, ಮಾಮೂಲಿ ನಟ್ ಅದುರಿ ಅದುರಿ ತಾನಾಗೇ ಬಿಚ್ಚಿಕೊಳ್ಳುತ್ತೆ.

ಡಬಲ್ ಟೇಪ್ ಒಂದನ್ನೇ ನಂಬಬೇಡಿ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ವ್ಯಾನೊಳಗೆ ಎರಡು ಗಂಟೆ ರೋಬೋ ಇಟ್ಟು ನೋಡಿ, ಟೇಪಿನ ಗಮ್ಮು ಜಾರುತ್ತೆ, ಹಾಟ್ ಗ್ಲೂ ಕೂಡ ಮೆತ್ತಗಾಗುತ್ತೆ. ಹಾಕಲೇಬೇಕು ಅಂದ್ರೆ ಎರಡೂ ಕಡೆ ಸ್ಪಿರಿಟಲ್ಲಿ ಒರೆಸಿ ಒಣಗಿಸಿ ಹಾಕಿ. ಡ್ಯುಯಲ್ ಲಾಕ್ ಅಂತ ಸಿಗುತ್ತೆ, ವೆಲ್ಕ್ರೋ ಥರಾನೇ ಕಾಣುತ್ತೆ ಆದ್ರೆ ಎರಡೂ ಕಡೆ ಅಣಬೆ ತಲೆ ಥರದ ಪ್ಲಾಸ್ಟಿಕ್ ಮೊಳೆಗಳು, ಕಚ್ಚಿಕೊಂಡ್ರೆ ಬಿಡಿಸೋದು ಕಷ್ಟ. ಅದರ ಮೇಲೆ ಎರಡೇ ಎರಡು ಟೈ ಸಾಕು, ಗಾಳಿ ಕಿಂಡಿ ಮುಚ್ಚದ ಹಂಗೆ.

ಲ್ಯಾನ್ ಕೇಬಲ್ ತುದೀಲಿ ಒಂದು ಪ್ಲಾಸ್ಟಿಕ್ ನಾಲಿಗೆ ಇರುತ್ತಲ್ಲ, ಟಕ್ ಅಂತ ಶಬ್ದ ಬರೋದು, ಅದು ಮುರಿದಿರೋ ಕೇಬಲ್ಲನ್ನ ಇವತ್ತೇ ಎಸೀರಿ, ಲ್ಯಾಬ್ ಡ್ರಾಯರಲ್ಲಿ ಇಟ್ರೆ ಯಾರಾದ್ರೂ ಮತ್ತೆ ಅದನ್ನೇ ತೆಗೆದು ಹಾಕ್ತಾರೆ.

ಇನ್ನು ಎಫ್‌ಆರ್‌ಸಿ ವಿಷ್ಯ. ಫಸ್ಟ್ ಅನ್ನೋ ಸಂಸ್ಥೆ 1992ರಿಂದ ಹೈಸ್ಕೂಲ್ ಮಕ್ಕಳಿಗೆ ನಡೆಸ್ತಿರೋ ಸ್ಪರ್ಧೆ ಅದು. ತುಂಬಾ ವರ್ಷ ಅವರು ಬಳಸಿದ್ದು ಓಪನ್‌ಮೆಶ್ ಅನ್ನೋ ರೇಡಿಯೋ, ಅದಕ್ಕೂ ನಿಮ್ಮ ರೂಟರ್ ಥರದ್ದೇ ದುಂಡು ಪಿನ್ ಇತ್ತು, ಅಲ್ಲಿಯ ಮಕ್ಕಳೂ ನಿಮ್ಮ ಹಂಗೇ ಆ ಪಿನ್ನಿಂದ ಮ್ಯಾಚ್ ಕಳ್ಕೊಂಡಿದಾರೆ, ಆಮೇಲೆ ಲ್ಯಾನ್ ಕೇಬಲ್ ಮೂಲಕಾನೇ ಕರೆಂಟ್ ಕೊಡೋ ದಾರಿ ಹಿಡಿದ್ರು, ಯಾಕಂದ್ರೆ ಲ್ಯಾನ್ ಪಿನ್ನಿಗೆ ಲಾಕ್ ಇದೆ. 2025ರ ಸೀಸನ್ನಿಗೆ ಬಂದ ವಿಎಚ್-109 ರೇಡಿಯೋದಲ್ಲಿ ದುಂಡು ಪಿನ್ ಬದಲು ವೈರನ್ನೇ ಕಚ್ಚಿ ಹಿಡಿಯೋ ಕನೆಕ್ಟರ್ ಇದೆ, ಲ್ಯಾನ್ ಮೂಲಕ ಕೊಡೋಕೂ ಆಗುತ್ತೆ. ಇದನ್ನ ಓದಿ ನೀವು ಮಾಮೂಲಿ ರೂಟರ್‌ನ ಲ್ಯಾನ್ ತೂತಿಗೆ ಕರೆಂಟ್ ಕೊಡೋಕೆ ಹೋಗಬೇಡಿ ದಯವಿಟ್ಟು, ಅದಕ್ಕೆ ಅಂತ ಮಾಡದ ರೂಟರ್ ಸುಟ್ಟು ಹೋಗಬಹುದು. ವಾರಂಟಿ ಹೋದ್ರೂ ಪರವಾಗಿಲ್ಲ ಅಂದ್ರೆ ರೂಟರ್ ಬಿಚ್ಚಿ ಬೋರ್ಡಿಗೆ ನೇರ ಎರಡು ವೈರ್ ಬೆಸುಗೆ ಹಾಕಿಸಿ, ಆ ವೈರನ್ನ ಒಳಗೇ ಒಂದು ಗಂಟು ಹಾಕಿ ಹೊರಗೆ ತನ್ನಿ, ಇದಕ್ಕಿಂತ ಗಟ್ಟಿ ಬೇರೆ ಇಲ್ಲ.

ಒಂದು ವಿಷ್ಯ ಮಾತ್ರ ಚೆಕ್ ಮಾಡ್ಲೇಬೇಕು. ಗುದ್ದಿದಾಗ ಮೋಟರ್ ಜಾಮ್ ಆಗುತ್ತೆ, ಜಾಮ್ ಆದ ಮೋಟರ್ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತೆ, ಆಗ ಬ್ಯಾಟರಿ ವೋಲ್ಟೇಜ್ ಕುಸಿದ್ರೂ ರೂಟರ್ ಆಫ್ ಆಗುತ್ತೆ. ಪಿನ್ನೋ ವೋಲ್ಟೇಜೋ ಅಂತ ತಿಳ್ಕೊಳ್ಳೋದು ಸುಲಭ. ಲ್ಯಾಪ್‌ಟಾಪಿಂದ ರೂಟರಿಗೆ ಪಿಂಗ್ (ರೂಟರ್ ಉತ್ತರ ಕೊಡ್ತಿದೆಯಾ ಅಂತ ಪದೇ ಪದೇ ಕೇಳೋ ಕಮಾಂಡ್) ಹಾಕಿ ಓಡ್ತಾ ಇರೋಕೆ ಬಿಡಿ. ಒಬ್ಬರು ಪವರ್ ವೈರನ್ನ ಪಿನ್ ಹತ್ರ ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ, ಆ ಕಡೆ ಈ ಕಡೆ ಅಲ್ಲಾಡಿಸಲಿ, ಇನ್ನೊಬ್ಬರು ರೂಟರ್ ಲೈಟ್ ನೋಡಲಿ. ಲೈಟ್ ಹೋಯ್ತು ಅಂದ್ರೆ ಪಿನ್ನು. ಹೋಗಲಿಲ್ಲ ಅಂದ್ರೆ ರೋಬೋನ ಗೋಡೆಗೆ ಒತ್ತಿಸಿ ಒಂದು ಸೆಕೆಂಡ್ ಪೂರ್ತಿ ಸ್ಪೀಡ್ ಕೊಡಿ, ವೈರ್ ಯಾರೂ ಮುಟ್ಟಬೇಡಿ. ಈಗ ಲೈಟ್ ಹೋದ್ರೆ ವೋಲ್ಟೇಜು. ಅದಕ್ಕೆ ರೂಟರ್ ವೈರನ್ನ ಮೋಟರ್ ಲೈನಿಂದ ಕದಿಯದೆ ನೇರ ಬ್ಯಾಟರಿ ಹತ್ರದಿಂದ ಬೇರೆ ಫ್ಯೂಸ್ ಹಾಕಿ ತನ್ನಿ, ಮಧ್ಯೆ ಬಕ್-ಬೂಸ್ಟ್ ಕನ್ವರ್ಟರ್ ಇಡಿ, ಅದು ಒಳಗೆ ಬರೋ ವೋಲ್ಟೇಜ್ ಇಳಿದ್ರೂ ಹೊರಗೆ 12 ಕೊಡ್ತಾನೇ ಇರುತ್ತೆ. ಆ ಕನ್ವರ್ಟರ್ ಸ್ಕ್ರೂ ಕೆಳಗೆ ವೈರ್ ಹಾಕುವಾಗ ತುದಿಗೆ ಬೆಸುಗೆ ಹಾಕಬೇಡಿ, ಬೆಸುಗೆಯ ಸೀಸ ಒತ್ತಡಕ್ಕೆ ನಿಧಾನಕ್ಕೆ ಚಪ್ಪಟೆಯಾಗಿ ಸ್ಕ್ರೂ ಸಡಿಲ ಆಗುತ್ತೆ. ಎಳೆ ವೈರಿಗೆ ಫೆರೂಲ್ ಅಂತ ಸಣ್ಣ ಕೊಳವೆ ಬರುತ್ತೆ, ಅದನ್ನ ಒತ್ತಿ ಹಾಕಿ.

ಸಿಗ್ನಲ್ ತಪ್ಪಿದಾಗ ನಿಮ್ಮ ರೋಬೋ ನಿಂತಿತಲ್ಲ, ಆ ಕೋಡ್ ಬರೆದವರಿಗೆ ನನ್ನ ಶಹಬ್ಬಾಸ್ ಹೇಳಿ. ಅದನ್ನ ಮಾತ್ರ ತೆಗೀಬೇಡಿ, 28 ಕೆಜಿ ತೂಕ ಕಂಟ್ರೋಲ್ ಇಲ್ಲದೆ ಓಡಿದ್ರೆ ಯಾರದಾದ್ರೂ ಕಾಲು ಹೋಗುತ್ತೆ.

ಪ್ರಶ್ನೆ: ನಮ್ಮ ರೋಬೋದಲ್ಲಿ ರೂಟರ್ ಭದ್ರವಾಗಿರಲಿ ಅಂತ ಅಲ್ಯೂಮಿನಿಯಂ ಬಾಕ್ಸೊಳಗೆ ಮೋಟರ್ ಪಕ್ಕ ಇಟ್ಟಿದೀವಿ. ರೋಬೋ ತಿರುಗಿದಾಗ ಸಿಗ್ನಲ್ ಬರುತ್ತೆ, ಹೋಗುತ್ತೆ. ಯಾಕೆ?
— ಡಿಪ್ಲೊಮಾ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಕೋಟೆ ಊರಿನವರು ಅಲ್ವಾ, ಭದ್ರ ಮಾಡೋಕೆ ಗೋಡೆ ಕಟ್ಟಿದೀರಿ. ಆದ್ರೆ ರೇಡಿಯೋ ಅಲೆಗೆ ಲೋಹ ಅಂದ್ರೆ ಗೋಡೇನೇ. 2.4 ಗಿಗಾಹರ್ಟ್ಝ್ ಅಲೆಯ ಉದ್ದ ಸುಮಾರು 12.5 ಸೆಂ.ಮೀ., ನಿಮ್ಮ ಬಾಕ್ಸಿನ ಸಂದಿ ತೂತುಗಳಲ್ಲಿ ಅಲ್ಪಸ್ವಲ್ಪ ಸೋರಿ ಬರೋದಷ್ಟೇ ನಿಮಗೆ ಸಿಕ್ತಾ ಇರೋದು, ಆ ಸಂದಿ ಲ್ಯಾಪ್‌ಟಾಪ್ ಕಡೆ ಇದ್ದಾಗ ಸಿಗ್ನಲ್, ತಿರುಗಿದಾಗ ಇಲ್ಲ. ಅಲ್ಯೂಮಿನಿಯಂ ತೆಗೆದು ಪ್ಲಾಸ್ಟಿಕ್ ಅಥವಾ ಪಾಲಿಕಾರ್ಬೊನೇಟ್ ಹಾಕಿ, ಕಾರ್ಬನ್ ಫೈಬರ್ ಕೂಡ ಬೇಡ, ಅದೂ ತಡೆಯುತ್ತೆ. ರೋಬೋದ ಮೇಲ್ಭಾಗದಲ್ಲಿ, ಮೋಟರ್ ಮತ್ತೆ ಅದರ ದಪ್ಪ ವೈರುಗಳಿಂದ ದೂರ ಇಡಿ, ಆದ್ರೆ ಎದುರಾಳಿಯ ಏಟು ನೇರ ತಾಗೋ ಅಂಚಲ್ಲಿ ಬೇಡ. ರೂಟರಿನ ಲೈಟು ಹೊರಗೆ ನಿಂತವರಿಗೆ ಕಾಣೋ ಹಂಗೆ ಇರಲಿ, ಎಫ್‌ಆರ್‌ಸಿಯಲ್ಲಿ ಇದನ್ನ ರೂಲೇ ಮಾಡಿದಾರೆ. ರೋಬೋ ನಿಂತಾಗ ಲೈಟ್ ಇದೆಯೋ ಇಲ್ವೋ ಅನ್ನೋದೊಂದು ಗೊತ್ತಾದ್ರೆ ಅರ್ಧ ಹುಡುಕಾಟ ಮುಗೀತು.

ಪ್ರಶ್ನೆ: ಸ್ವಾಮಿ, ನಮ್ಮ ಹೊಲದ ಬೋರ್ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕ್ಸೀವಿ. ಪ್ಯಾನಲ್ ಬಾಗಿಲು ತೆಗೆದಿದ್ರೆ ಫೋನಿಗೆ ಮೆಸೇಜ್ ಬರ್ತೈತೆ, ಮುಚ್ಚಿದ್ರೆ ಬರಲ್ಲ. ಬಾಗಿಲು ತೆಗೆದೇ ಇಟ್ರೆ ಹಲ್ಲಿ ಸೇರ್ಕಂತವೆ. ಏನ್ ಮಾಡ್ಬೇಕು?
— ಶೇಂಗಾ ಬೆಳೆಗಾರ, ಚಳ್ಳಕೆರೆ ತಾಲೂಕು

ಉತ್ತರ: ಯಜಮಾನ್ರೇ, ಮೇಲೆ ಚಿತ್ರದುರ್ಗದ ಹುಡುಗನಿಗೆ ಆಗಿರೋದೇ ನಿಮಗೂ ಆಗಿರೋದು, ತಗಡಿನ ಪ್ಯಾನಲ್ ಸಿಗ್ನಲ್ ತಡೀತೈತೆ. ಸ್ಟಾರ್ಟರ್ ಒಳಗೆ ಸಿಮ್ ಹಾಕಿರೋ ಪೆಟ್ಟಿಗೆಗೆ ಒಂದು ಸಣ್ಣ ಆಂಟೆನಾ ತಿರುಗಿಸಿ ಹಾಕಿರ್ತಾರೆ. ಅದನ್ನ ಬಿಚ್ಚಿ, ಅದೇ ಜಾಗಕ್ಕೆ ಹೊಂದೋ ಉದ್ದ ವೈರಿನ ಆಂಟೆನಾ ತನ್ನಿ, ಅಡೀಲಿ ಮ್ಯಾಗ್ನೆಟ್ ಇರುತ್ತೆ, ಪ್ಯಾನಲ್ ತಲೆ ಮೇಲೆ ಇಟ್ರೆ ಕಚ್ಚಿಕೊಳ್ಳುತ್ತೆ. ತೂತನ್ನ ಪ್ಯಾನಲ್ಲಿನ ತಳದಲ್ಲಿ ಕೊರೆಸಿ, ಮೇಲೆ ಕೊರೆಸಿದ್ರೆ ಮಳೆ ನೀರು ವೈರ್ ಹಿಡ್ಕೊಂಡು ಒಳಗೆ ಇಳಿಯುತ್ತೆ. ತೂತಿಗೆ ರಬ್ಬರ್ ಬುಷ್ ಹಾಕಿ, ಇಲ್ಲಾಂದ್ರೆ ತಗಡಿನ ಅಂಚು ವೈರ್ ಕೊಯ್ಯುತ್ತೆ, ಮತ್ತೆ ವೈರನ್ನ ತೂತಿಗಿಂತ ಒಂದು ಗೇಣು ಕೆಳಗೆ ಇಳಿಬಿಟ್ಟು ಆಮೇಲೆ ಮೇಲಕ್ಕೆ ತಗೊಂಡು ಹೋಗಿ, ಹನಿ ಅಲ್ಲೇ ತೊಟ್ಟಿಕ್ಕುತ್ತೆ. ಮೋಟರ್ ಆನ್ ಆದಾಗ ಪ್ಯಾನಲ್ ಅದುರುತ್ತೆ, ಅದಕ್ಕೆ ಆಂಟೆನಾ ವೈರನ್ನ ಒಳಗೆ ಒಂದು ಕಡೆ ಟೈ ಹಾಕಿ ನಿಲ್ಲಿಸಿ. ಮುಖ್ಯವಾಗಿ, ಪ್ಯಾನಲ್ ಒಳಗೆ ಕೈ ಹಾಕೋ ಮುಂಚೆ ಮೇನ್ ಇಳಿಸಿ, ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತೆ ಅಂತ ಹೇಳೋಕಾಗಲ್ಲ. ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡೇ ಕೆಲಸ ಶುರು ಮಾಡಿ.