ಉಗ್ರಾಣದಲ್ಲಿ ಮಳೆಗಾಲ ಕಳೆದ ಗಾಲ್ಫ್ ಕ್ಲಬ್ಬುಗಳು

ಪ್ರಶ್ನೆ: ನಮ್ಮ ತಂದೆಯವರು ಚಿಕ್ಕಮಗಳೂರಿನ ಗಾಲ್ಫ್ ಮೈದಾನದಲ್ಲಿ ವರ್ಷಗಟ್ಟಲೆ ಆಡಿದ ಕ್ಲಬ್ಬುಗಳು (ಚೆಂಡು ಹೊಡೆಯುವ ಕೋಲುಗಳು) ಈಗ ನನ್ನ ಪಾಲಿಗೆ ಬಂದಿವೆ. ಜೂನ್‌ನಲ್ಲಿ ಬ್ಯಾಗ್ ಸಮೇತ ತೋಟದ ಮನೆಯ ಉಗ್ರಾಣದಲ್ಲಿ ಇಟ್ಟಿದ್ದೆ. ಅಕ್ಟೋಬರ್‌ನಲ್ಲಿ ತೆಗೆದು ನೋಡಿದರೆ ಉಕ್ಕಿನ ತಲೆಯ ಕ್ಲಬ್ಬುಗಳಾದ ಐರನ್‌ಗಳ ಮೇಲೆ ಕಂದು ಚುಕ್ಕೆಗಳು ಎದ್ದಿವೆ, ಕೈಯಲ್ಲಿ ಹಿಡಿಯುವ ರಬ್ಬರ್ ಕವಚಗಳಾದ ಗ್ರಿಪ್‌ಗಳು ಗಟ್ಟಿಯಾಗಿ ಕೈಯಲ್ಲಿ ಜಾರುತ್ತಿವೆ. ಇವನ್ನು ಉಳಿಸಿಕೊಳ್ಳಬಹುದೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಖಂಡಿತ ಉಳಿಸಿಕೊಳ್ಳಬಹುದು; ತಂದೆಯವರ ಕೈ ಪಳಗಿದ ಕ್ಲಬ್ಬುಗಳನ್ನು ಚುಕ್ಕೆ ಕಂಡಿತೆಂದು ಮೂಲೆಗೆ ಸೇರಿಸಬೇಡಿ. ನಮ್ಮ ಮಲೆನಾಡಿನಲ್ಲಿ ಕ್ಲಬ್ಬುಗಳು ಆಡಿ ಸವೆಯುವುದಕ್ಕಿಂತ ತೇವದಲ್ಲಿ ಕುಳಿತು ಹಾಳಾಗುವುದೇ ಹೆಚ್ಚು. ಮಳೆ ಹಿಡಿಯುವ ಮೊದಲು ತೋಟದ ಕತ್ತಿಗಳನ್ನು ಒರೆಸಿ, ಎಣ್ಣೆ ಸವರಿ ಎತ್ತಿಡುವ ನಾವು ಅದೇ ಉಕ್ಕಿನ ಐರನ್‌ಗಳನ್ನು ಮಾತ್ರ ಒದ್ದೆ ಬ್ಯಾಗಿನಲ್ಲಿ ಮರೆತುಬಿಡುತ್ತೇವೆ.

ಮೊದಲು ಒಂದು ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ನಾಲ್ಕು ಹನಿ ಹಾಕಿ, ಐರನ್‌ಗಳ ತಲೆಯನ್ನಷ್ಟೇ ಐದು ನಿಮಿಷ ನೆನೆಯಲು ಬಿಡಿ. ತಲೆ ಮತ್ತು ಶಾಫ್ಟ್ (ಕೋಲಿನ ಉದ್ದನೆಯ ಭಾಗ) ಕೂಡುವ ಜಾಗದಲ್ಲಿರುವ ಕಪ್ಪು ಪ್ಲಾಸ್ಟಿಕ್ ಉಂಗುರದವರೆಗೆ ನೀರು ಏರಬಾರದು. ನೀರು ಕುದಿಯುವಷ್ಟು ಬಿಸಿಯಿದ್ದರೂ ಒಳಗಿನ ಅಂಟು ಸಡಿಲಗೊಳ್ಳುತ್ತದೆ. ನೆನೆದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಚೆಂಡಿಗೆ ತಗಲುವ ಮುಖದ ಮೇಲಿನ ತೋಡುಗಳ ಉದ್ದಕ್ಕೆ ಉಜ್ಜಿದರೆ, ಒಣಗಿ ಕಲ್ಲಾದ ಕೆಮ್ಮಣ್ಣು ಎಳೆ ಎಳೆಯಾಗಿ ಬಿಟ್ಟುಬರುತ್ತದೆ. ಹೊಡೆತದ ವೇಳೆ ನೀರು ಮತ್ತು ಹುಲ್ಲಿನ ರಸ ಹರಿದುಹೋಗಿ ಮುಖವು ಚೆಂಡನ್ನು ಹಿಡಿಯುವುದು ಈ ತೋಡುಗಳಿಂದಲೇ ಆದ್ದರಿಂದ, ಇವು ತುಂಬಿಕೊಂಡಿದ್ದರೆ ಚೆಂಡು ತಿರುಗದೆ ಹಾರಿ, ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗವಾದ ಗ್ರೀನ್ ಮೇಲೆ ನಿಲ್ಲದೆ ಉರುಳಿಹೋಗುತ್ತದೆ. ಹಾಗೆಂದು ಮೊಳೆಯಿಂದ ಕೆರೆಯುವುದಾಗಲಿ, ತೋಡು ಹರಿತಗೊಳಿಸುವ ಉಪಕರಣ ಬಳಸುವುದಾಗಲಿ ಬೇಡ. 2010ರಿಂದ ಜಾರಿಗೆ ಬಂದ ನಿಯಮವು ತೋಡಿನ ಗಾತ್ರ ಮತ್ತು ಅಂಚಿನ ಹರಿತದ ಮಿತಿಯನ್ನು ಬಿಗಿಗೊಳಿಸಿದ್ದು, ಅತಿಯಾಗಿ ಕೆರೆದ ಕ್ಲಬ್ಬು ಸ್ಪರ್ಧೆಗೆ ಅನರ್ಹವಾಗಬಹುದು.

ತೊಳೆದ ಮೇಲೂ ಉಳಿಯುವ ಚುಕ್ಕೆಗಳಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಮೆತ್ತಗೆ ಉಜ್ಜಿರಿ. ಪಾತ್ರೆ ಉಜ್ಜುವ ಉಕ್ಕಿನ ನಾರು ಕ್ರೋಮ್ ಲೇಪನವನ್ನು ಗೀರಿ ಹೊಸ ತುಕ್ಕಿಗೆ ದಾರಿ ಮಾಡುತ್ತದೆ. ಲೇಪನ ಎದ್ದುಹೋದ ಜಾಗದಲ್ಲಿ ತುಕ್ಕು ಮತ್ತೆ ಮತ್ತೆ ಬರುವುದರಿಂದ, ಅಲ್ಲಿಗೆ ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಬಟ್ಟೆಯನ್ನು ಅದ್ದಿ ತೆಳುವಾಗಿ ಸವರಿಡಿ. ಆಡುವ ಮೊದಲು ಒರೆಸಿಬಿಡಿ.

ಶಾಫ್ಟ್ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಉಕ್ಕಿನ ಶಾಫ್ಟ್ ಮೇಲೆ ಉಗುರು ಆಡಿಸಿದಾಗ ಗುಳಿ ತಗುಲಿದರೆ, ಅದು ಬೀಸುವಾಗ ಮುರಿದು ಪಕ್ಕದವರಿಗೆ ಬಡಿಯುವ ಅಪಾಯವಿದೆ, ಬದಲಿಸಲೇಬೇಕು. ಗ್ರಾಫೈಟ್ ಶಾಫ್ಟ್ ಆಗಿದ್ದರೆ ಹತ್ತಿಯ ಉಂಡೆಯನ್ನು ಮೇಲಿನಿಂದ ಕೆಳಗೆ ಸವರಿಕೊಂಡು ಹೋಗಿ: ಬಿರುಕಿರುವ ಕಡೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ.

ಇನ್ನು ಗ್ರಿಪ್. ಅಂಗೈಯ ಬೆವರು ಮತ್ತು ಜಿಡ್ಡು ರಬ್ಬರಿನ ಮೇಲೆ ಪದರವಾಗಿ ಕುಳಿತಾಗ ಅದು ಹೊಳೆಯುತ್ತದೆ, ಜಾರುತ್ತದೆ. ಜಾರುವ ಗ್ರಿಪ್ಪನ್ನು ಆಟಗಾರ ತನಗೇ ತಿಳಿಯದಂತೆ ಬಿಗಿಯಾಗಿ ಹಿಡಿಯುತ್ತಾನೆ, ತೋಳು ಬಿಗಿಯುತ್ತದೆ, ಹೊಡೆತ ಕೆಡುತ್ತದೆ; ದೋಷವನ್ನು ಮಾತ್ರ ನಾವು ಬೇರೆಲ್ಲೋ ಹುಡುಕುತ್ತಿರುತ್ತೇವೆ. ಸೋಪುನೀರಿನ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಇಡದೆ ನೆರಳಿನಲ್ಲಿ ಒಣಗಿಸಿ ನೋಡಿ. ಹಿಡಿತ ಮರಳದಿದ್ದರೆ, ರಬ್ಬರು ಬಿರುಕು ಬಿಟ್ಟಿದ್ದರೆ, ಹೊಸದನ್ನೇ ಹಾಕಿಸಿ. ನಿಯಮಿತವಾಗಿ ಆಡುವವರು ವರ್ಷಕ್ಕೊಮ್ಮೆ, ಅಥವಾ ಸುಮಾರು 40 ಸುತ್ತುಗಳಿಗೊಮ್ಮೆ, ಗ್ರಿಪ್ ಬದಲಿಸುವುದು ರೂಢಿ. ಹೊಸ ಸೆಟ್ಟಿಗೆ ಹೋಲಿಸಿದರೆ ಇದು ಸಣ್ಣ ಖರ್ಚು.

ಮುಂದಿನ ಮಳೆಗಾಲಕ್ಕೆ ಬ್ಯಾಗನ್ನು ಪೂರ್ತಿ ಖಾಲಿ ಮಾಡಿ, ಜೇಬುಗಳ ಜಿಪ್ ತೆರೆದು, ತಲೆಕೆಳಗಾಗಿಸಿ ಒಣಗಿಸಿ. ಜೇಬಿನಲ್ಲಿ ಮರೆತ ಒಂದು ಒದ್ದೆ ಕೈಗವಸು ಇಡೀ ಬ್ಯಾಗಿಗೆ ಬೂಷ್ಟು ಹಿಡಿಸಿದ್ದನ್ನು ನಾನೇ ಕಂಡಿದ್ದೇನೆ. ಕ್ಲಬ್ಬುಗಳನ್ನು ಉಗ್ರಾಣದ ನೆಲದ ಮೇಲಲ್ಲದೆ, ಜನ ಓಡಾಡುವ, ಗಾಳಿಯಾಡುವ ಕೋಣೆಯಲ್ಲಿ ಇಡಿ. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ಒಣಬಟ್ಟೆಯಿಂದ ಒರೆಸಿ.

ಪ್ರಶ್ನೆ: ವಾರಕ್ಕೊಮ್ಮೆ ಆಡುವುದರಿಂದ ಕ್ಲಬ್ಬುಗಳನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟಿರುತ್ತೇನೆ. ತೊಂದರೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ತೊಂದರೆಯೇ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿ ಕಾದಾಗ ತಲೆಯನ್ನು ಶಾಫ್ಟಿಗೆ ಹಿಡಿದಿಡುವ ಎಪಾಕ್ಸಿ ಅಂಟು ದಿನೇ ದಿನೇ ಬಲ ಕಳೆದುಕೊಳ್ಳುತ್ತದೆ, ಗ್ರಿಪ್‌ನ ರಬ್ಬರೂ ಒಣಗುತ್ತದೆ. ಆಟ ಮುಗಿದ ದಿನವೇ ಮನೆಯೊಳಗೆ ತನ್ನಿ. ಈಗಾಗಲೇ ಬಹುಕಾಲ ಹಾಗೆ ಇಟ್ಟಿದ್ದರೆ, ಒಂದು ಕೈಯಲ್ಲಿ ಶಾಫ್ಟನ್ನೂ ಇನ್ನೊಂದರಲ್ಲಿ ತಲೆಯನ್ನೂ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಟಿಕ್ ಎಂಬ ಸದ್ದು ಬಂದರೆ ಅಥವಾ ಪ್ಲಾಸ್ಟಿಕ್ ಉಂಗುರ ಮೇಲಕ್ಕೆ ಸರಿದಿದ್ದರೆ, ಮತ್ತೆ ಅಂಟು ಹಾಕಿಸುವವರೆಗೆ ಆ ಕ್ಲಬ್ಬನ್ನು ಬೀಸಬೇಡಿ.