ಗುಜರಿಯಿಂದ ಹಳೇ ಗೇರ್‌ಬಾಕ್ಸ್ ತಂದು ಕಾರಿಗೆ ಹಾಕಿಸಬಹುದಾ?

ಹಾಕಿಸಬಹುದು. ಆದರೆ ಅದು ನಿಮ್ಮ ಕಾರಿಗೆ ಹೊಂದುವಂಥದ್ದೇ ಆಗಿರಬೇಕು, ಮತ್ತು ಆ ಕಾರು ಗುಜರಿಗೆ ಬಂದಿದ್ದು ಗೇರ್‌ಬಾಕ್ಸ್ ಕೆಟ್ಟಿದ್ದಕ್ಕಲ್ಲ ಅನ್ನೋದು ಖಾತ್ರಿಯಾಗಬೇಕು. ಅಪಘಾತವಾಗಿ ಬಂದ ಕಾರಾದರೆ ಒಳ್ಳೇದು. ಗುದ್ದುವ ಕ್ಷಣದವರೆಗೂ ಅದು ಓಡುತ್ತಲೇ ಇತ್ತು, ಅಲ್ವಾ? ಗೇರ್‌ಬಾಕ್ಸ್‌ಗೇ ಪೆಟ್ಟು ಬಿದ್ದಿರಬಾರದು, ಅಷ್ಟೆ.

ಆಟೋಮ್ಯಾಟಿಕ್ ಆದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅದರ ಸವೆತ ಹೊರಗೆ ಕಾಣಿಸುವುದಿಲ್ಲ. ಒಳಗಿರುವ ತೆಳು ಕ್ಲಚ್ ಪ್ಲೇಟ್‌ಗಳು ಜಾರತೊಡಗಿದರೆ ಬಿಸಿಯಾಗುತ್ತವೆ. ಅವುಗಳ ಮೇಲಿನ ಪದರ ಸುಟ್ಟು, ಪುಡಿಯಾಗಿ ಆಯಿಲ್‌ಗೆ ಸೇರುತ್ತದೆ. ಹಾಗಾಗಿ ಒಳಗಿನ ಕಥೆ ಹೇಳೋದು ಆಯಿಲ್ಲೇ. ಬಿಳಿ ಬಟ್ಟೆಯ ಮೇಲೆ ಎರಡು ಹನಿ ಬಿಟ್ಟು ನೋಡಿ, ಮೂಸಿ. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ, ಅಥವಾ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ (ನೀರು ಹೊಕ್ಕಿದೆ ಅಂತ ಅರ್ಥ) ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಮಾಡೆಲ್, ವರ್ಷ ಒಂದೇ ಇದ್ದರೆ ಸಾಲದು. ಇಂಜಿನ್ ಬೇರೆಯಾದರೆ ಗೇರ್ ಅನುಪಾತವೂ ಬೇರೆ ಇರಬಹುದು. ಗೇರ್‌ಬಾಕ್ಸ್ ಮೇಲಿನ ಚೀಟಿ ಅಥವಾ ತಗಡಿನಲ್ಲಿರುವ ಕೋಡನ್ನು ನಿಮ್ಮದರ ಜೊತೆ ತಾಳೆ ನೋಡಿ.

ವಾರಂಟಿಯನ್ನು ಬರವಣಿಗೆಯಲ್ಲೇ ತಗೊಳ್ಳಿ. ಬಿಚ್ಚಿ ಕೂರಿಸುವ ಕೂಲಿ ಅದರಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ, ಕೇಳಿಕೊಳ್ಳಿ.

ಇನ್ನೊಂದು ಮಾತು, ತುಂಬಾ ಜನ ಮರೆಯುವಂಥದ್ದು: ಆಟೋಮ್ಯಾಟಿಕ್ ಆದರೆ, ಕೂರಿಸುವ ಮುಂಚೆ ಆಯಿಲ್ ಕೂಲರ್ (ಗೇರ್‌ಬಾಕ್ಸಿನ ಆಯಿಲನ್ನು ತಣ್ಣಗಾಗಿಸುವ ಭಾಗ) ಮತ್ತು ಅದರ ಪೈಪುಗಳನ್ನು ತೊಳೆಸಿ. ಇಲ್ಲದಿದ್ದರೆ ಕೆಟ್ಟುಹೋದ ಗೇರ್‌ಬಾಕ್ಸಿನ ಪುಡಿಯೆಲ್ಲ ಈಗ ತಂದಿದ್ದರೊಳಗೆ ಸೇರುತ್ತದೆ.