ಪ್ರಮೋಷನ್‌ನಲ್ಲಿ ಶೇ. 30 ಏರಿಕೆ, ಆದರೆ ಟಿಪ್ಸ್, ಓವರ್‌ಟೈಮ್ ಇಲ್ಲ. ಸಂಬಳದ ಮಾತು ಹೇಗೆ ಆಡಬೇಕು?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಐದು ವರ್ಷದಿಂದ ಹೋಟೆಲಿನ ರೆಸ್ಟೋರೆಂಟಿನಲ್ಲಿ ಕ್ಯಾಪ್ಟನ್ (ವೇಟರ್‌ಗಳ ಮೇಲ್ವಿಚಾರಕ) ಆಗಿದ್ದೀರಿ. ಈಗ ಅಸಿಸ್ಟೆಂಟ್ ಮ್ಯಾನೇಜರ್ ಮಾಡುತ್ತೇವೆ, ಮೂಲ ಸಂಬಳಕ್ಕೆ ಶೇ. 30 ಸೇರಿಸುತ್ತೇವೆ ಅಂದಿದ್ದಾರೆ. ಟಿಪ್ಸ್, ಸರ್ವಿಸ್ ಚಾರ್ಜ್ ಪಾಲು, ಓವರ್‌ಟೈಮ್ ಮೂರೂ ನಿಲ್ಲುತ್ತವೆ. ಸೋಮವಾರದೊಳಗೆ ಹೇಳಿ ಅಂತ ಎಚ್‌ಆರ್ ಕೇಳಿದ್ದಾರೆ. ಒಪ್ಪಬೇಕೋ, ಹೆಚ್ಚು ಕೇಳಿದರೆ ಇರುವುದೂ ಕೈತಪ್ಪುತ್ತದೋ ಅನ್ನುವ ಅಳುಕು.

ಈಗಿರುವ ರೂಪದಲ್ಲಿ ಒಪ್ಪಬೇಡಿ. ನಿರಾಕರಿಸಲೂ ಬೇಡಿ. ಅವರು ಲೆಕ್ಕ ಹಾಕಿರುವುದು ಮೂಲ ಸಂಬಳದ ಮೇಲೆ. ನೀವು ಲೆಕ್ಕ ಹಾಕಬೇಕಾದದ್ದು ಒಂದು ಗಂಟೆಯ ದುಡಿಮೆಗೆ ಒಟ್ಟು ಎಷ್ಟು ಕೈಗೆ ಬರುತ್ತದೆ ಅನ್ನುವುದರ ಮೇಲೆ. ಈ ಎರಡು ಲೆಕ್ಕಗಳ ನಡುವಿನ ಅಂತರವೇ ನಿಮ್ಮ ಮಾತುಕತೆಯ ವಿಷಯ.

ಕಳೆದ 12 ತಿಂಗಳ ಪೇ ಸ್ಲಿಪ್‌ಗಳನ್ನು ಹರಡಿಕೊಂಡು ಕೂತುಕೊಳ್ಳಿ. 3 ತಿಂಗಳದ್ದು ಸಾಲದು. ಈ ಕಸುಬಿನಲ್ಲಿ ಸೀಸನ್ ತಿಂಗಳ ಸರ್ವಿಸ್ ಚಾರ್ಜ್‌ಗೂ ಖಾಲಿ ತಿಂಗಳದ್ದಕ್ಕೂ ಅಜಗಜಾಂತರ ಇರುತ್ತದೆ. ಕಾಗದದಲ್ಲಿ ನಾಲ್ಕು ಕಾಲಂ ಸಾಕು: ಮೂಲ ಸಂಬಳ, ಓವರ್‌ಟೈಮ್, ಸರ್ವಿಸ್ ಚಾರ್ಜ್, ಕೈಗೆ ಬಂದ ಟಿಪ್ಸ್. ಟಿಪ್ಸ್ ಬರೆದಿಟ್ಟಿಲ್ಲದಿದ್ದರೆ ಇವತ್ತಿನಿಂದ ಬರೆಯಿರಿ, ಹಿಂದಿನದಕ್ಕೆ ಕಡಿಮೆ ಕಡೆಯ ಅಂದಾಜು ಹಾಕಿ. ಉಬ್ಬಿಸಿದ ಒಂದು ಅಂಕಿ ಸಿಕ್ಕಿಬಿದ್ದರೆ ಉಳಿದ ಮೂರನ್ನೂ ಯಾರೂ ನಂಬುವುದಿಲ್ಲ.

ಉದಾಹರಣೆಗೆ ನಿಮ್ಮ ಈಗಿನ ತಿಂಗಳ ಮೂಲ ಸಂಬಳ 100 ಅಂತಿಟ್ಟುಕೊಳ್ಳಿ. ಓವರ್‌ಟೈಮ್ 12, ಸರ್ವಿಸ್ ಚಾರ್ಜ್ 22, ಟಿಪ್ಸ್ 16. ಒಟ್ಟು 150. ವಾರಕ್ಕೆ 48 ಗಂಟೆ, ಮೇಲೆ 4 ಗಂಟೆ ಓವರ್‌ಟೈಮ್, ಅಂದರೆ 52. ಅದನ್ನು 52 ವಾರಕ್ಕೆ ಗುಣಿಸಿ 12ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 225 ಗಂಟೆ. 150ನ್ನು 225ರಿಂದ ಭಾಗಿಸಿ: ಗಂಟೆಗೆ 0.67.

ಹೊಸ ಹುದ್ದೆಯಲ್ಲಿ ಸಂಬಳ 130, ಬೇರೇನೂ ಇಲ್ಲ. ಆ ಕುರ್ಚಿಯಲ್ಲಿ ಇಲ್ಲಿಯವರೆಗೆ ಇದ್ದವರು ವಾರಕ್ಕೆ 60 ಗಂಟೆ ದುಡಿದಿದ್ದರೆ ತಿಂಗಳಿಗೆ 260 ಗಂಟೆ. 130 ಭಾಗಿಸು 260: ಗಂಟೆಗೆ 0.50. ಶೇ. 30 ಏರಿಕೆ ಅಂತ ಕಾಗದದಲ್ಲಿ ಕಂಡದ್ದು, ದುಡಿಮೆಯ ಲೆಕ್ಕದಲ್ಲಿ ಶೇ. 25 ಇಳಿಕೆ. ತಿಂಗಳ ಕೊನೆಗೆ ಕೈಗೆ ಬರುವುದೂ 20 ಕಡಿಮೆ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಎಷ್ಟೋ ಸಲ ಅದು ಬೇಕಂತ ಮಾಡಿದ್ದೂ ಅಲ್ಲ. ಎಚ್‌ಆರ್ ಮುಂದಿನ ಪರದೆಯಲ್ಲಿ ಮೂಲ ಸಂಬಳದ ಕಾಲಂ ಮಾತ್ರ ಇರುತ್ತದೆ, ನಿಮ್ಮ ಟಿಪ್ಸ್ ಅವರಿಗೆ ಕಾಣುವುದೇ ಇಲ್ಲ.

ಆ 60 ಗಂಟೆ ಎಲ್ಲಿಂದ ಬರುತ್ತದೆ ಅನ್ನುವುದನ್ನು ಬಿಡಿಸಿ ನೋಡಬೇಕು, ಯಾಕೆಂದರೆ ಸಂಬಳದಷ್ಟೇ ದೊಡ್ಡ ವಿಷಯ ಅದು. ವಿಭಾಗದ ಕೂಲಿ ವೆಚ್ಚ ಬಜೆಟ್ ದಾಟಬಾರದು ಅಂತ ಒತ್ತಡ ಬಂದಾಗ, ಗಂಟೆ ಲೆಕ್ಕದವರನ್ನು ಬೇಗ ಮನೆಗೆ ಕಳಿಸುತ್ತಾರೆ. ಅವರ ಸೆಕ್ಷನ್ ಯಾರು ನೋಡಿಕೊಳ್ಳಬೇಕು? ತಿಂಗಳ ಸಂಬಳದವರು. ಅವರ ಹೆಚ್ಚುವರಿ ಗಂಟೆ ಪುಕ್ಕಟೆ. ರಾತ್ರಿ ಕೊನೆಯ ಟೇಬಲ್ ಎದ್ದ ಮೇಲೆ ಬಿಲ್ಲಿಂಗ್ ಮೆಷಿನ್ ಕ್ಲೋಸ್ ಮಾಡಬೇಕು, ನಗದು ಎಣಿಸಬೇಕು, ಬಾರ್ ಸ್ಟಾಕ್ ಬೀಗ ಹಾಕಬೇಕು, ನಾಳೆಯ ರೋಸ್ಟರ್ (ಯಾರಿಗೆ ಯಾವ ಶಿಫ್ಟ್ ಅನ್ನುವ ಪಟ್ಟಿ) ಹಾಕಬೇಕು. ಅಷ್ಟರಲ್ಲಿ ಬೆಳಗಿನ ಶಿಫ್ಟ್‌ನವರು ನಾಳೆ ಬರಲ್ಲ ಅಂತ ಫೋನ್. ರಾತ್ರಿ 1ಕ್ಕೆ ಬಾಗಿಲು ಹಾಕಿದವರೇ ಬೆಳಿಗ್ಗೆ 6.30ಕ್ಕೆ ಬ್ರೇಕ್‌ಫಾಸ್ಟ್‌ಗೆ ಬಾಗಿಲು ತೆಗೆಯುತ್ತಾರೆ. ಯುರೋಪಿಯನ್ ಒಕ್ಕೂಟದ 2003ರ ಕೆಲಸದ ಅವಧಿ ನಿರ್ದೇಶನದಲ್ಲಿ ದಿನಕ್ಕೆ ಸತತ 11 ಗಂಟೆ ವಿಶ್ರಾಂತಿ ಅಂತ ಇರುವುದು ಇಂಥದ್ದನ್ನು ತಡೆಯುವುದಕ್ಕೇ. ನಿಮ್ಮಲ್ಲಿ ಕಾನೂನು ಏನೇ ಇರಲಿ, ‘ಕ್ಲೋಸಿಂಗ್ ಮಾಡಿದ ಮರುದಿನ ಓಪನಿಂಗ್ ಇಲ್ಲ’ ಅನ್ನುವ ಒಂದು ಸಾಲು ಕೇಳಿ ಪಡೆಯಬಹುದಾದದ್ದು, ಹೋಟೆಲಿಗೆ ಇದರಿಂದ ಒಂದು ಕಾಸಿನ ಖರ್ಚಿಲ್ಲ.

ಹಾಗಾಗಿ ಉತ್ತರ ಕೊಡುವ ಮೊದಲು ಮೂರು ವಿಷಯ ತಿಳಿದುಕೊಳ್ಳಿ. ಆ ಹುದ್ದೆಯವರ ಕಳೆದ 8 ವಾರದ ರೋಸ್ಟರ್, ಬರೆದದ್ದಲ್ಲ, ನಿಜಕ್ಕೂ ನಡೆದದ್ದು. ಆ ಹುದ್ದೆಯ ಸಂಬಳದ ಕನಿಷ್ಠ ಮತ್ತು ಗರಿಷ್ಠ ಮಿತಿ. ಮತ್ತು ಹಿಂದಿನವರು ಯಾಕೆ ಬಿಟ್ಟರು. ಮೂರನೆಯದನ್ನು ಎಚ್‌ಆರ್‌ಗಿಂತ ಕಿಚನ್‌ನವರು ಸರಿಯಾಗಿ ಹೇಳುತ್ತಾರೆ.

ಸರ್ವಿಸ್ ಚಾರ್ಜ್ ಬಗ್ಗೆ ಬೇರೆಯಾಗಿ ಕೇಳಿ. ಪಾಯಿಂಟ್ ಪದ್ಧತಿ (ಹುದ್ದೆಗೆ ಇಷ್ಟು ಪಾಯಿಂಟ್ ಅಂತ ಇಟ್ಟು, ಅದರ ಪ್ರಕಾರ ಸರ್ವಿಸ್ ಚಾರ್ಜ್ ಹಂಚುವುದು) ಇರುವ ಕಡೆ ಕೆಲವು ಹೋಟೆಲ್‌ಗಳು ಮ್ಯಾನೇಜರ್‌ಗಳನ್ನು ಪಟ್ಟಿಯಿಂದ ತೆಗೆಯುತ್ತವೆ, ಕೆಲವು ಹೆಚ್ಚು ಪಾಯಿಂಟ್ ಕೊಟ್ಟು ಇಟ್ಟುಕೊಳ್ಳುತ್ತವೆ. ‘ನಿಲ್ಲುತ್ತೆ’ ಅಂತ ಬಾಯಲ್ಲಿ ಹೇಳಿದ್ದು ನಿಯಮವೋ ಊಹೆಯೋ ಅಂತ ಖಚಿತ ಮಾಡಿಕೊಳ್ಳಿ. ಟಿಪ್ಸ್ ವಿಷಯ ಬೇರೆ. ಅಮೆರಿಕದಲ್ಲಿ 2018ರ ತಿದ್ದುಪಡಿಯ ಪ್ರಕಾರ ಸಿಬ್ಬಂದಿಯ ಟಿಪ್ಸ್‌ನಲ್ಲಿ ಮ್ಯಾನೇಜರ್, ಸೂಪರ್‌ವೈಸರ್ ಪಾಲು ತೆಗೆದುಕೊಳ್ಳುವಂತಿಲ್ಲ, ಮತ್ತು ನನಗೆ ಅದು ನ್ಯಾಯ ಅನಿಸುತ್ತದೆ. ಕೆಳಗಿನವರ ಪಾಲಿಗೆ ಕೈ ಹಾಕದೆ, ಕಳೆದುಕೊಂಡದ್ದನ್ನು ಸಂಬಳದಲ್ಲೇ ತುಂಬಿಸಿಕೊಳ್ಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1991ರ ಹೋಟೆಲ್-ರೆಸ್ಟೋರೆಂಟ್ ಒಪ್ಪಂದವೂ ಟಿಪ್ಸ್ ಏನೇ ಬರಲಿ, ನಿಯಮಿತವಾಗಿ ಮೂಲ ವೇತನ ಕೊಡಲೇಬೇಕು ಅನ್ನುತ್ತದೆ. ಒಂದು ಮಾತು ಹೋಟೆಲಿನವರ ಪರವಾಗಿಯೂ ಹೇಳಬೇಕು: ಸಂಬಳದಲ್ಲಿ ಬಂದದ್ದು ಖಾಲಿ ಸೀಸನ್‌ನಲ್ಲೂ ಬರುತ್ತದೆ, ರಜೆ ಹಾಕಿದಾಗಲೂ ಬರುತ್ತದೆ, ಸಾಲ ಕೇಳಿದರೆ ಬ್ಯಾಂಕ್ ಅದನ್ನು ನೋಡುತ್ತದೆ. ಟಿಪ್ಸ್‌ನ 16ಕ್ಕೆ ಬದಲು ಸಂಬಳದಲ್ಲಿ 13-14 ಬಂದರೂ ನನ್ನ ಲೆಕ್ಕದಲ್ಲಿ ನಷ್ಟವಿಲ್ಲ.

ಈಗ ಎಷ್ಟು ಕೇಳುವುದು? ಗಂಟೆಗೆ 0.67 ಉಳಿಯಬೇಕಾದರೆ 60 ಗಂಟೆಯ ವಾರಕ್ಕೆ 173 ಬೇಕು. ವಾರ 52 ಗಂಟೆಗೆ ಇಳಿದರೆ 150 ಸಾಕು. ನೋಡಿ, 8 ಗಂಟೆ ಕಡಿಮೆಯಾದರೆ 23ರಷ್ಟು ಸಂಬಳ ಸಿಕ್ಕ ಹಾಗೆ. ನಾನಾದರೆ ಮೂರು ಅಂಕಿ ಬರೆದಿಟ್ಟುಕೊಳ್ಳುತ್ತೇನೆ: ವಾರಕ್ಕೆ 52 ಗಂಟೆಯ ಲೆಕ್ಕದಲ್ಲಿ ಕೇಳುವುದು 170, ಖುಷಿಯಿಂದ ಒಪ್ಪುವುದು 160, ಇದಕ್ಕಿಂತ ಕೆಳಗೆ ಎದ್ದು ಬರುವುದು 150. ಕೊನೆಯ ಅಂಕಿಯನ್ನು ಯಾರಿಗೂ ಹೇಳಬೇಡಿ, ಆಪ್ತ ಸಹೋದ್ಯೋಗಿಗೂ.

ಇಲ್ಲೊಂದು ಕಡೆ ಬಹಳ ಜನ ಜಾರುತ್ತಾರೆ. ಮೂಲ ಸಂಬಳ 100 ಇದ್ದವರು 160 ಕೇಳಿದರೆ ಎಚ್‌ಆರ್ ಕಿವಿಗೆ ಅದು ‘ಶೇ. 60 ಏರಿಕೆ’. ಪ್ರಮೋಷನ್‌ಗೆ ಇಷ್ಟು ಶೇಕಡಾ ಮೀರಬಾರದು ಅಂತ ಬಹಳ ಕಡೆ ಮಿತಿ ಇರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆದ್ದರಿಂದ ಶೇಕಡಾ ಭಾಷೆಯಲ್ಲಿ ಮಾತಾಡಲೇಬೇಡಿ. ಒಟ್ಟು ಮೊತ್ತದಲ್ಲಿ ಮಾತಾಡಿ: ‘ನನ್ನ ಈಗಿನ ಸರಾಸರಿ ಗಳಿಕೆ 150, ಹೊಸ ಜವಾಬ್ದಾರಿಗೆ 170 ಕೇಳುತ್ತಿದ್ದೇನೆ.’ ಆಗ ಅದು ಶೇ. 13 ಏರಿಕೆ. ಆದರೂ ಮಿತಿಗೆ ತಾಗಿದರೆ ಒಡೆದು ಕೊಡಲು ಕೇಳಿ: ಮೂಲ ಸಂಬಳ 135, ಸರ್ವಿಸ್ ಚಾರ್ಜ್‌ಗೆ ಬದಲಾಗಿ ತಿಂಗಳ ಸ್ಥಿರ ಭತ್ಯೆ 25. ‘ಸ್ಥಿರ’ ಅನ್ನುವ ಪದ ಪತ್ರದಲ್ಲಿ ಇರಲೇಬೇಕು. ಮುಂದಿನ ವರ್ಷದ ಏರಿಕೆ ಭತ್ಯೆಗೂ ಅನ್ವಯವೇ ಅಂತಲೂ ಕೇಳಿ.

ಜೊತೆಗೆ ನಿಮ್ಮ ಕೆಲಸದ ಮೂರು ಅಂಕಿ ಕೈಯಲ್ಲಿರಲಿ. ನಿಮ್ಮ ಶಿಫ್ಟ್‌ನ ಸರಾಸರಿ ಬಿಲ್ ಮೊತ್ತ ವರ್ಷದಲ್ಲಿ ಎಷ್ಟು ಬದಲಾಯಿತು, ನೀವು ತರಬೇತಿ ಕೊಟ್ಟವರಲ್ಲಿ ಎಷ್ಟು ಜನ ಇನ್ನೂ ಇದ್ದಾರೆ, ಬಾರ್ ಸ್ಟಾಕ್‌ನ ಲೆಕ್ಕಕ್ಕೂ ಎಣಿಕೆಗೂ ಇರುವ ವ್ಯತ್ಯಾಸ ಎಷ್ಟು ಇಳಿಯಿತು. ‘ನಿಷ್ಠೆಯಿಂದ ದುಡಿದಿದ್ದೇನೆ’ ಅನ್ನುವುದಕ್ಕಿಂತ ‘ನಾನು ಕಲಿಸಿದ 9 ಜನರಲ್ಲಿ 7 ಜನ ಇನ್ನೂ ಇಲ್ಲೇ ಇದ್ದಾರೆ’ ಅನ್ನುವುದಕ್ಕೆ ತೂಕ ಹೆಚ್ಚು. ಹೊರಗಿನಿಂದ ಒಬ್ಬರನ್ನು ತಂದರೆ ಜಾಹೀರಾತು, ಏಜೆನ್ಸಿ ಶುಲ್ಕ, ಮೆನು ಮತ್ತು ಬಿಲ್ಲಿಂಗ್ ಕಲಿಯುವ ತಿಂಗಳುಗಳು, ಎಲ್ಲ ಸೇರಿ ನೀವು ಕೇಳುವ ವ್ಯತ್ಯಾಸಕ್ಕಿಂತ ಹೆಚ್ಚಾಗುವುದು ಅವರಿಗೂ ಗೊತ್ತು. ಅದನ್ನು ಬೆದರಿಕೆಯಂತೆ ಹೇಳಬೇಕಾಗಿಲ್ಲ. ಮನೆ ಬಾಡಿಗೆ, ಮಕ್ಕಳ ಫೀಸು ಇವೆಲ್ಲ ನಿಜವಾದ ಕಷ್ಟಗಳೇ, ಆದರೆ ಈ ಮೇಜಿನ ಮೇಲೆ ಇಡಬೇಡಿ. ಹುದ್ದೆಯ ಬೆಲೆ ಬಿಟ್ಟು ಮಾತು ಅನುಕಂಪದ ಕಡೆ ತಿರುಗುತ್ತದೆ. ಇಲ್ಲದ ಬೇರೆ ಆಫರ್ ಇದೆ ಅಂತ ಸುಳ್ಳಂತೂ ಖಂಡಿತ ಬೇಡ. ಹೋಟೆಲ್ ಜಗತ್ತು ಚಿಕ್ಕದು, ಒಂದು ಫೋನಿನಲ್ಲಿ ಗೊತ್ತಾಗುತ್ತದೆ.

ಕಾರಿಡಾರ್‌ನಲ್ಲಿ, ಬ್ರೀಫಿಂಗ್ ಮುಗಿದ ತಕ್ಷಣ, ಉತ್ತರ ಹೇಳಬೇಡಿ. ‘ಬಹಳ ಸಂತೋಷ, ಈ ಕೆಲಸ ನನಗೆ ಬೇಕು. ವಿವರ ಕೂತು ಮಾತಾಡಲು ಅರ್ಧ ಗಂಟೆ ಕೊಡಿ’ ಅನ್ನಿ. ಲಂಚ್ ಮುಗಿದು ಡಿನ್ನರ್ ತಯಾರಿ ಶುರುವಾಗುವ ಮುಂಚಿನ ಹೊತ್ತು, ಸುಮಾರು 3ರಿಂದ 5, ಇದಕ್ಕೆ ಸರಿ. ತೀರ್ಮಾನ ಮಾಡುವವರು ವಿಭಾಗದ ಮ್ಯಾನೇಜರೋ ಜನರಲ್ ಮ್ಯಾನೇಜರೋ ಮೊದಲೇ ತಿಳಿದುಕೊಳ್ಳಿ. ಹಣ ಕೊಡುವ ಅಧಿಕಾರ ಇಲ್ಲದವರ ಮುಂದೆ ಇಡೀ ವಾದ ಸುರಿದರೆ ಅದು ಮೇಲಕ್ಕೆ ಹೋಗುವಷ್ಟರಲ್ಲಿ ‘ಹೆಚ್ಚು ಕೇಳ್ತಿದ್ದಾರೆ’ ಅನ್ನುವ ಒಂದೇ ಸಾಲು ಉಳಿದಿರುತ್ತದೆ. ಕಾಗದವನ್ನು ಅವರ ಮುಂದಿಟ್ಟು, ಅಂಕಿ ಹೇಳಿ, ಆಮೇಲೆ ಸುಮ್ಮನಿರಿ. ಆ ಹತ್ತು ಸೆಕೆಂಡ್ ಮೌನ ತಡೆಯಲಾರದೆ ‘ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ’ ಅಂದವರೇ ಹೆಚ್ಚು.

ಬರುವ ಉತ್ತರಗಳು ಹೆಚ್ಚುಕಡಿಮೆ ಇವೇ. ‘ಬಜೆಟ್ ಇಲ್ಲ’ ಅಂದರೆ: ಮುಂದಿನ ಬಜೆಟ್ ಯಾವಾಗ ಸಿದ್ಧವಾಗುತ್ತದೆ ಅಂತ ಕೇಳಿ, ಈಗ 150, ಆ ತಿಂಗಳಿಂದ 165, ಇವತ್ತೇ ಪತ್ರದಲ್ಲಿ ಅನ್ನಿ. ‘ಅಪ್ರೈಸಲ್‌ನಲ್ಲಿ ನೋಡೋಣ’ ಅನ್ನುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ದಿನಾಂಕ ಮತ್ತು ಮೊತ್ತ ಎರಡೂ ಇಲ್ಲದ ಭರವಸೆಗೆ ಬೆಲೆ ಕಟ್ಟಬೇಡಿ. ‘ಬೋನಸ್ ಇದೆಯಲ್ಲ’ ಅಂದರೆ ಸೂತ್ರ ಕೇಳಿ. ಹೋಟೆಲಿನ ಒಟ್ಟು ಕಾರ್ಯನಿರ್ವಹಣಾ ಲಾಭಕ್ಕೆ ಕಟ್ಟಿದ ಬೋನಸ್ ನಿಮ್ಮ ಕೈಯಲ್ಲಿಲ್ಲ, ಏಕೆಂದರೆ ಆ ಲಾಭದೊಳಗೆ ವಿದ್ಯುತ್, ರಿಪೇರಿ, ಮಾರ್ಕೆಟಿಂಗ್ ಖರ್ಚೂ ಕಳೆದಿರುತ್ತದೆ. ನಿಮ್ಮ ವಿಭಾಗದ ಪಾನೀಯ ವೆಚ್ಚ, ಕೂಲಿ ವೆಚ್ಚ, ಅತಿಥಿಗಳು ಕೊಡುವ ಅಂಕ ಇವಕ್ಕೆ ಕಟ್ಟಿಸಿಕೊಳ್ಳಿ.

ಅತಿ ಅಪಾಯದ್ದು ‘ಮೂರು ತಿಂಗಳು ಆಕ್ಟಿಂಗ್ (ತಾತ್ಕಾಲಿಕ ಪ್ರಭಾರ) ಆಗಿ ಮಾಡಿ, ಆಮೇಲೆ ಸಂಬಳ’ ಅನ್ನುವುದು. ಮೂರು ಆರಾಗುತ್ತದೆ, ಆರು ಹನ್ನೆರಡಾಗುತ್ತದೆ, ಪುಕ್ಕಟೆ ನಡೆಯುತ್ತಿರುವ ಕೆಲಸಕ್ಕೆ ಯಾರಿಗೂ ಅವಸರ ಇರುವುದಿಲ್ಲ. ಒಪ್ಪುವುದಾದರೆ ನಾಲ್ಕು ಷರತ್ತು: ಮುಗಿಯುವ ದಿನಾಂಕ, ಅಲ್ಲಿಯವರೆಗೆ ವ್ಯತ್ಯಾಸದ ಕನಿಷ್ಠ ಅರ್ಧದಷ್ಟು ಭತ್ಯೆ, ಖಾಯಂ ಆದರೆ ಮೊದಲ ದಿನದಿಂದ ಬಾಕಿ, ಆಗದಿದ್ದರೆ ಹಳೆಯ ಹುದ್ದೆಗೆ ಹಳೆಯ ಪಾಯಿಂಟ್‌ಗಳ ಸಮೇತ ವಾಪಸು.

ಹಣ ಒಂದು ಮಟ್ಟದಲ್ಲಿ ನಿಂತೇ ಹೋದರೆ, ನಾನು ಮುಂದೆ ಕೇಳುವ ಕ್ರಮ: ವಾರದ ಗಂಟೆಯ ಮಿತಿ, ಒಟ್ಟಿಗೆ ಎರಡು ದಿನ ವಾರದ ರಜೆ, ರಜಾ ದಿನ ಕರೆಸಿಕೊಂಡರೆ 30 ದಿನದೊಳಗೆ ಬದಲಿ ರಜೆ, ತಡರಾತ್ರಿ ಮನೆಗೆ ವಾಹನ. ಕೋರ್ಸ್ ಶುಲ್ಕ ಕೊಡುತ್ತೇವೆ ಅಂದರೆ ಬಾಂಡ್ (ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಅನ್ನುವ ಕರಾರು) ಇದೆಯೇ ನೋಡಿ. ಒಂದು ವರ್ಷದಲ್ಲಿ ಬೇರೆ ಕಡೆ ಹೋಗುವ ಯೋಚನೆ ಇದ್ದರೆ 150ಕ್ಕೂ ಹುದ್ದೆಯ ಹೆಸರು ಲಾಭವೇ. ಅದಕ್ಕಿಂತ ಕೆಳಗೆ ಆ ಹೆಸರೂ ಬೇಡ: ‘ಈ ಮೊತ್ತಕ್ಕೆ ಆಗುವುದಿಲ್ಲ, 6 ತಿಂಗಳ ನಂತರ ಮತ್ತೆ ಮಾತಾಡಲು ಸಿದ್ಧ’ ಅಂದು ಕ್ಯಾಪ್ಟನ್ ಆಗಿಯೇ ಮುಂದುವರಿಯಿರಿ.

ಒಪ್ಪಿಗೆಯಾದ ದಿನವೇ ಮಾತಾಡಿದ್ದನ್ನೆಲ್ಲ ಇಮೇಲ್‌ನಲ್ಲಿ ಬರೆದು ಕಳಿಸಿ. ಪತ್ರ ಬಂದಾಗ ಸಂಬಳದ ಸಾಲಿಗಿಂತ ಕೆಳಗಿನ ಸಾಲುಗಳನ್ನು ನಿಧಾನವಾಗಿ ಓದಿ. ನೋಟಿಸ್ ಅವಧಿ 1 ತಿಂಗಳಿಂದ 3 ತಿಂಗಳಾಗಿದ್ದರೆ ನಾಳೆ ಬೇರೆ ಕೆಲಸ ಹಿಡಿಯುವುದು ಕಷ್ಟ. ನಗದು ಕೊರತೆ, ಒಡೆದ ಸಾಮಾನಿನ ಮೊತ್ತ ‘ಜವಾಬ್ದಾರರ’ ಸಂಬಳದಿಂದ ಕಡಿತ ಅಂತ ಇದ್ದರೆ ತೆಗೆಸಿ. ಬೋನಸ್ ಮುಂದೆ ‘ಆಡಳಿತದ ವಿವೇಚನೆಗೆ ಬಿಟ್ಟದ್ದು’ ಅಂತ ಇದ್ದರೆ ಆ ಬೋನಸ್ಸನ್ನು ಲೆಕ್ಕದಲ್ಲಿ ಸೊನ್ನೆ ಅಂತಲೇ ಹಿಡಿಯಿರಿ. ಹೊಸ ಸಂಬಳ ಯಾವ ದಿನಾಂಕದಿಂದ, ಓವರ್‌ಟೈಮ್ ಯಾವ ದಿನಾಂಕಕ್ಕೆ ನಿಲ್ಲುತ್ತದೆ, ಎರಡೂ ಒಂದೇ ದಿನ ಇರಬೇಕು. ತಿಂಗಳ ಮಧ್ಯೆ ಬದಲಾದರೆ ಮೊದಲ ಪೇ ಸ್ಲಿಪ್‌ನಲ್ಲಿ ಹಳೆಯ ಹುದ್ದೆಯ ದಿನಗಳ ಸರ್ವಿಸ್ ಚಾರ್ಜ್ ಬಂದಿದೆಯೇ ನೋಡಿ, ಬಿಟ್ಟು ಹೋಗುವುದು ಸಾಮಾನ್ಯವಾಗಿ ಅದೇ.